ತೀರ್ಥಹಳ್ಳಿಯ ಕೊನೆಗೊಂದು ಚುಕ್ಕಿ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಬೋರ್ಡಿನ ಮೇಲೆ ತೀರ್ಥಹಳ್ಳಿ ಅಂತ ಬಂತು. ಸರಿಯಾಗಿ ಬಂತು. ಅರ್ಕಾವತ್ತು ಥ ಬಲಕ್ಕೆ, ಒತ್ತು ಳ ಕೆಳಗೆ, ಕೊನೆಯಲ್ಲಿ ಏನೂ ಇಲ್ಲ. ಆ ‘ಏನೂ ಇಲ್ಲ’ ತರಲಿಕ್ಕೆ ಹದಿನೇಳು ದಿನ ಹಿಡಿಯಿತು.

ಚಿಕ್ಕಪ್ಪನ ಅಂಗಡಿಗೆ ಅಡಿಕೆ ದರ ತೋರಿಸುವ ಬೋರ್ಡು ಇದು. ಎರಡು ಪಿ10 ಪ್ಯಾನೆಲ್ (ಎಲ್‌ಇಡಿ ಚುಕ್ಕಿಗಳ ಹಲಗೆ), ಅದನ್ನು ನಡೆಸುವ ಪುಟ್ಟ ಚಿಪ್ಪು ಇಎಸ್‌ಪಿ32, 5 ವೋಲ್ಟಿನ ಸಪ್ಲೈ. ಮೊದಲು ಊರ ಹೆಸರು, ಆಮೇಲೆ ಸರದಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು, ಹೀಗೆ ಒಂದೊಂದು ಬಗೆಯ ಅಡಿಕೆಯ ದರ. ವೈರಿಂಗು, ಬೆಸುಗೆ, ಡಬ್ಬಿ ಎಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡುತ್ತೇನೆ. ಒಂದು ಮಾತು ಮಾತ್ರ ಹೇಳಲೇಬೇಕು. ಪ್ಯಾನೆಲ್ ಕಳಿಸಿದ ಪುಣ್ಯಾತ್ಮರು ಹದಿನಾರು ಪಿನ್ನಿನ ಕೇಬಲ್ಲಿಗೆ ಕನೆಕ್ಟರನ್ನು ತಿರುಗಾಮುರುಗಾ ಒತ್ತಿ ಕಳಿಸಿದ್ದರು. ಫೋನ್ ಮಾಡಿದರೆ ‘ಸರ್, ನೀವೇ ತಿರುಗಿಸಿ ಹಾಕಿ’ ಅಂದರು. ಕೇಬಲ್ಲನ್ನಲ್ಲ, ಪ್ಯಾನೆಲ್ಲನ್ನು!

ಮೊದಲು ಬಂದ ಕನ್ನಡ ಅಕ್ಷರ ಠ. ಬೇಕಂತಲೇ ಅದನ್ನು ಆರಿಸಿದ್ದೆ. ಪ್ರಪಂಚದಲ್ಲಿ ಕನ್ನಡದ ಗಂಧಗಾಳಿ ಇಲ್ಲದವರೂ ಬಳಸುವ ಕನ್ನಡ ಅಕ್ಷರಗಳಲ್ಲಿ ಹೆಸರಾದದ್ದು ಅದು: ಠ_ಠ. ‘ಇದೆಂಥ ಕೆಲಸ ಮಾಡಿದೆಯಪ್ಪಾ’ ಅಂತ ಹುಬ್ಬು ಗಂಟಿಕ್ಕಿ ನೋಡುವ ಮುಖ. ನಮಗೆ ಮಠ, ಹಠ, ಪಾಠಕ್ಕೆ ಬಿಟ್ಟರೆ ಅಷ್ಟಾಗಿ ಬೇಡದ ಅಕ್ಷರ, ಅವರಿಗೆ ಒಂದು ಜೊತೆ ಕಣ್ಣು. ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರಿಗೆ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಟ್ಟ ಪಟ್ಟಿಯಲ್ಲಿ, ಅದರ ನಂಬರ್ 3232. ಒತ್ತಿಲ್ಲ, ಕೊಂಬಿಲ್ಲ, ದೀರ್ಘ ಇಲ್ಲ. ಹತ್ತು ನಿಮಿಷದಲ್ಲಿ ಬೋರ್ಡಿನ ಮೇಲೆ ಕೂತಿತು. ಮುಂದಿನ ಹದಿನೇಳು ದಿನ ನನ್ನನ್ನೇ ದುರುಗುಟ್ಟಿಕೊಂಡು ನೋಡಿತು.

ಯಾಕೆ ಅಂದರೆ ಊರ ಹೆಸರು ‘ತೀರ್‌ಥಹಳ್‌ಳಿ’ ಅಂತ ಬರುತ್ತಿತ್ತು.

ಫೋನಿನಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಅಕ್ಷರ ಜೋಡಿಸಲಿಕ್ಕೆ ಹಾರ್ಫ್‌ಬಜ್ ಥರದ ತಂತ್ರಾಂಶ ಒಳಗೆ ಕೂತಿರುತ್ತದೆ. ನನ್ನ ಚಿಪ್ಪಿನಲ್ಲಿ ಇರುವುದು 520 ಕೆಬಿ ರ‍್ಯಾಮ್, ಜೋಡಿಸುವವನು ನಾನೇ. ‘ರ್ಥ’ ಒಳಗೆ ಇರುವುದು ರ, ಹಲಂತ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ಥ. ನಾಲಿಗೆಗೆ ಮೊದಲು ಬರುವ ರ, ಕಣ್ಣಿಗೆ ಕೊನೆಯಲ್ಲಿ ಬರಬೇಕು. ‘ಳ್ಳಿ’ಯಲ್ಲಿ ಇನ್ನೊಂದು ಕಿತಾಪತಿ. ಗುಡಿಸು ಬರುವುದು ಎರಡನೇ ಳ ಆದಮೇಲೆ, ಆದರೆ ಅದು ಹೋಗಿ ಕೂರುವುದು ಮೊದಲನೇ ಳ ತಲೆ ಮೇಲೆ. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ಆರಾಮಾಗಿ ಬರೆದದ್ದನ್ನು ಸಿ++ನಲ್ಲಿ ಹೇಳಿಕೊಡುವಾಗ ನನ್ನ ಕಿವಿಯಲ್ಲಿ ಹೊಗೆ.

ಸೋಮಾರಿತನದ ದಾರಿಯೊಂದಿತ್ತು. ‘ರ‍್ಯಾಮ್’ ಅಂತ ಬರೆಯುವಾಗ ರ ಮುಂದೆ, ಯ ಒತ್ತು ಕೆಳಗೆ ನಿಲ್ಲುತ್ತದೆ, ಅಲ್ವಾ? ಅದಕ್ಕೆ ರ ಆದಮೇಲೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಸೇರಿಸಬೇಕು, ನಂಬರ್ 8205. ಸೂರ್ಯನನ್ನು ‘ಸೂರ‍್ಯ’ ಅಂತಲೇ ಬರೆಯುವವರೂ ಇದ್ದಾರೆ. ಹಾಗೇ ಊರ ಹೆಸರನ್ನೂ ‘ತೀರ‍್ಥಹಳ್ಳಿ’ ಮಾಡಿಬಿಟ್ಟರೆ ಅರ್ಕಾವತ್ತಿನ ಕಾಟವೇ ಇಲ್ಲ! ಫೋಟೋ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಫೋನು.

‘ಎಂತ ಮಾರಾಯ, ಇದು ಯಾವ ಊರು?’

‘ತೀರ್ಥಹಳ್ಳಿ ಚಿಕ್ಕಪ್ಪ.’

‘ಅಲ್ಲ. ನಮ್ಮೂರು ಹಿಂಗಿಲ್ಲ.’

ಮುಗಿಯಿತು. ಅರ್ಕಾವತ್ತಿನ ಕೋಡು ಬರೆದೆ. ರ, ಹಲಂತ, ಹಿಂದೆಯೇ ಇನ್ನೊಂದು ವ್ಯಂಜನ ಕಂಡರೆ ರ ಎತ್ತಿ ಪಕ್ಕಕ್ಕಿಡು, ಉಳಿದದ್ದನ್ನು ಬರೆ, ಕೊನೆಗೆ ಕೊಕ್ಕೆ ಹಾಕು. ಹೇಳಲಿಕ್ಕೆ ಒಂದು ಸಾಲು. ‘ಸರ್’ ಅಂತ ಕೊಟ್ಟಾಗ ಹಿಂದೆ ವ್ಯಂಜನ ಇಲ್ಲದೆ ಬೋರ್ಡು ರೀಸ್ಟಾರ್ಟ್ ಆಗುತ್ತಿತ್ತು, ಅದಕ್ಕೊಂದು ತೇಪೆ.

ಆಮೇಲೆ ಎತ್ತರದ ಜಗಳ. ಪ್ಯಾನೆಲ್ಲಿನ ಎತ್ತರ 16 ಚುಕ್ಕಿ. 11 ಅಕ್ಷರಕ್ಕೆ, 5 ಒತ್ತಿಗೆ. ಐದು ಸಾಲಿನಲ್ಲಿ ಳ ಒತ್ತು ಬಿಡಿಸಿ ನೋಡಿ, ಆಗ ನನ್ನ ಕಷ್ಟ ಗೊತ್ತಾಗುತ್ತದೆ. ಚೌಕುಳಿ ಹಾಳೆಯಲ್ಲಿ ಒಂಬತ್ತು ಸಲ ಬಿಡಿಸಿದೆ. ಆರನೆಯದನ್ನು ನೋಡಿ ಅಮ್ಮ ‘ಇಂಬಳ ಹತ್ತಿಕೊಂಡ ಹಾಗಿದೆ’ ಅಂದಳು. ಒಂಬತ್ತನೆಯದಕ್ಕೆ ಏನೂ ಅನ್ನಲಿಲ್ಲ, ಅದನ್ನೇ ಇಟ್ಟುಕೊಂಡೆ.

ನಡುವೆ ಒಂದು ವಿಚಾರ, ಮರೆಯುವ ಮೊದಲು. ಮುಂದಿನದು ಕನ್ನಡ ಅಂಕಿಯ ಗಡಿಯಾರ. ಅಂಕಿಗಳಿಗೆ ಒತ್ತೂ ಇಲ್ಲ, ಗುಣಿತವೂ ಇಲ್ಲ, ಸ್ವರ್ಗ! ಏಳು ಗೆರೆಯ ಡಿಸ್‌ಪ್ಲೇ ಮಾತ್ರ ಬರುವುದಿಲ್ಲ, ೩ ಮತ್ತು ೬ ಆ ಗೆರೆಗಳಿಗೆ ಒಗ್ಗುವುದೇ ಇಲ್ಲ. ಚುಕ್ಕಿಯದ್ದೇ ಬೇಕು. ಅದರಲ್ಲೂ ಐದು ಚುಕ್ಕಿ ಅಗಲದಲ್ಲಿ ೧ ಮತ್ತು ೦ ಅವಳಿಜವಳಿ. ಹತ್ತು ಗಂಟೆ ಹೊತ್ತಿಗೆ ಏನಾಗುತ್ತದೋ ನೋಡಬೇಕು. ಆರು ಪ್ಯಾನೆಲ್ ಬೇಕಾದೀತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಸರಿ, ಚುಕ್ಕಿಗೆ ಬರೋಣ.

ಅರ್ಕಾವತ್ತು ಸರಿಯಾದ ಮೇಲೂ ‘ಳ್ಳಿ’ ಆಚೆ ಒಂದು ಕೆಂಪು ಚುಕ್ಕಿ ಉರಿಯುತ್ತಿತ್ತು. ಎರಡನೇ ಪ್ಯಾನೆಲ್ಲಿನ ಬಲ ಅಂಚಿಗೆ, ಹಣೆಗಿಟ್ಟ ಬೊಟ್ಟಿನ ಹಾಗೆ. ಎಲ್‌ಇಡಿ ಕೆಟ್ಟಿದೆ ಅಂದುಕೊಂಡೆ. ಕೇಬಲ್ ಕಳಿಸಿದ ಅದೇ ಮಹಾನುಭಾವರ ಪ್ಯಾನೆಲ್ಲಲ್ವಾ, ಅನುಮಾನವೇ ಬರಲಿಲ್ಲ. ಫೋನಿನಲ್ಲಿ ಕೂಗಾಡಿದೆ. ಒಂದು ಸ್ಟಾರ್ ಕೊಟ್ಟು ಮೂರು ಪ್ಯಾರಾ ಬರೆದೆ. ಅವರು ಮಾತಾಡದೆ ಹೊಸ ಪ್ಯಾನೆಲ್ ಕಳಿಸಿದರು. ಮಳೆಯಲ್ಲಿ ಅದು ಶಿವಮೊಗ್ಗಕ್ಕೆ ಬರಲಿಕ್ಕೆ ಎಂಟು ದಿನ.

ಹೊಸ ಪ್ಯಾನೆಲ್. ಅದೇ ಜಾಗದಲ್ಲಿ ಅದೇ ಚುಕ್ಕಿ.

ನಿನ್ನೆ ರಾತ್ರಿ ಸಿಟ್ಟಿನಲ್ಲಿ ಸುಮ್ನೆ ‘ಸಾಗರ’ ಅಂತ ಕಳಿಸಿದೆ. ಚುಕ್ಕಿ ಇಲ್ಲ. ‘ಶಿವಮೊಗ್ಗ’, ಇಲ್ಲ. ‘ಹೊಸನಗರ’, ಇಲ್ಲ. ‘ತೀರ್ಥಹಳ್ಳಿ’, ಹಾಜರ್!

ಬೆರಳು ಮಡಚಿ ಎಣಿಸಿದೆ. ಬಾಯಲ್ಲಿ ಹೇಳಿದರೆ ತೀ, ರ್ಥ, ಹ, ಳ್ಳಿ, ನಾಲ್ಕೇ ಅಕ್ಷರ. ಯೂನಿಕೋಡಿಗೆ ಅದು ಹತ್ತು: ತ, ಈ ಸ್ವರಚಿಹ್ನೆ, ರ, ಹಲಂತ, ಥ, ಹ, ಳ, ಹಲಂತ, ಳ, ಗುಡಿಸು. ಚಿಪ್ಪು ಅವನ್ನು ಇಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 30. ಕೋಡಿನಲ್ಲಿ ನಾನು ಊರ ಹೆಸರಿಗೆ ಇಟ್ಟ ಜಾಗ ಎಷ್ಟು? ಸರಿಯಾಗಿ 30. ‘ಹೆಸರು ಇಲ್ಲಿಗೆ ಮುಗಿಯಿತು’ ಅಂತ ಹೇಳುವ ಸೊನ್ನೆಗೆ 31ನೇ ಬೈಟು ಬೇಕು, ಅದಕ್ಕೆ ಜಾಗವೇ ಇಲ್ಲ. ಪಾಪ ಚಿಪ್ಪು ಗಡಿ ಕಾಣದೆ ಪಕ್ಕದ ಮನೆಗೂ ನುಗ್ಗಿ, ಅಲ್ಲಿದ್ದ ಕಸವನ್ನು ಓದುತ್ತಿತ್ತು. ಗುರುತು ಸಿಗದ ಅಕ್ಷರಕ್ಕೆ ಚುಕ್ಕಿ ಹಾಕು ಅಂತ ಫಾಂಟಿನಲ್ಲಿ ಬರೆದವನೂ ನಾನೇ. ಶಿವಮೊಗ್ಗಕ್ಕೆ 24 ಸಾಕು, ಸಾಗರಕ್ಕೆ 12. ಸುತ್ತಲಿನ ಇಷ್ಟು ಊರು ಬಿಟ್ಟು ಬೋರ್ಡು ಹೋಗಬೇಕಾದ ಊರೇ ಸರಿಯಾಗಿ 30 ಆಗಬೇಕಾ?

30 ಅಳಿಸಿ 64 ಅಂತ ಬರೆದೆ. ಎರಡು ಅಂಕಿ, ಹದಿನೇಳು ದಿನ.

ಭಾನುವಾರ ಬೋರ್ಡು ಕಟ್ಟಲಿಕ್ಕೆ ಹೋಗುತ್ತೇನೆ. ಚಿಕ್ಕಪ್ಪ ಈಗಲೇ ‘ಕರೆಂಟು ಹೋದ್ರೆ ಎಂತ ಮಾಡೂದು?’ ಅಂತ ಶುರು ಮಾಡಿದ್ದಾರೆ, ಬ್ಯಾಟರಿ ನೋಡಬೇಕು. ಅದಕ್ಕೂ ಮೊದಲು ಆ ರಿವ್ಯೂ ತಿದ್ದಬೇಕು. ಚುಕ್ಕಿಯ ಎರಡು ಪ್ಯಾರಾ ತೆಗೆಯುತ್ತೇನೆ. ಕೇಬಲ್ಲಿನದ್ದು ಹಾಗೇ ಇರಲಿ.