ಸರ್ವರ್ ‘ಆಕ್ಟಿವ್’ ಎಂದಿತು, ಡಿಸ್ಕ್ ಮಾತ್ರ ಇರಲಿಲ್ಲ

ದಾವಣಗೆರೆಯಲ್ಲಿ ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿಕೊಡುವ ಒಂದು ಸಣ್ಣ ಖಾಸಗಿ ಘಟಕದಲ್ಲಿ ನಾನು ಸರ್ವರ್ ನೋಡಿಕೊಳ್ಳುತ್ತೇನೆ. ಎಂಟು ಮೇಜುಗಳ ಮೇಲೆ ಎಂಟು ಸ್ಕ್ಯಾನರ್‌ಗಳಿದ್ದು, ಪ್ರತಿಯೊಂದಕ್ಕೂ ಒಂದು ಲಿನಕ್ಸ್ ಕಂಪ್ಯೂಟರ್ ಇದೆ. ಸ್ಕ್ಯಾನ್ ಆದ ಪುಟ ಆ ಕಂಪ್ಯೂಟರ್‌ಗಳಲ್ಲಿ ಉಳಿಯುವುದಿಲ್ಲ. ಸರ್ವರಿನ ಡೈರೆಕ್ಟರಿಯನ್ನು (ಫೋಲ್ಡರನ್ನು) ಜಾಲದ ಮೂಲಕ ಬೇರೆ ಕಂಪ್ಯೂಟರ್‌ಗಳಿಗೆ ಹಂಚುವ ಎನ್‌ಎಫ್‌ಎಸ್ ಮೂಲಕ ನೇರವಾಗಿ ಸರ್ವರಿನ ‘ಕಡತ’ ಎಂಬ ಡೈರೆಕ್ಟರಿಗೆ ಹೋಗಿ ಬೀಳುತ್ತದೆ. ಆ ಡೈರೆಕ್ಟರಿಯ ಜಾಗದಲ್ಲಿ ಮೌಂಟ್ ಆಗಿರಬೇಕಾದದ್ದು, ಅಂದರೆ ಜೋಡಣೆಗೊಂಡು ತೆರೆದುಕೊಂಡಿರಬೇಕಾದದ್ದು, ಸರ್ವರಿನ ಹೊರಗಿರುವ ಒಂದು ಡಿಸ್ಕ್ ಪೆಟ್ಟಿಗೆ. ‘ಆಗಿರಬೇಕಾದದ್ದು’ ಎಂದು ಬರೆಯಲು ಕಾರಣವಿದೆ.

ಏಪ್ರಿಲ್ ತಿಂಗಳ ಒಂದು ರಾತ್ರಿ ಬಹಳ ಹೊತ್ತು ಕರೆಂಟ್ ಇರಲಿಲ್ಲ. ಯುಪಿಎಸ್ ಬ್ಯಾಟರಿ ಪೂರ್ತಿ ಇಳಿದು ಸರ್ವರ್ ಆರಿಹೋಗಿತ್ತು. ಬೆಳಗಿನ ಜಾವ ಕರೆಂಟ್ ಬಂದಾಗ ಅದು ತಾನಾಗಿಯೇ ಎದ್ದಿತ್ತು. ಒಂಬತ್ತೂವರೆಗೆ ಎಲ್ಲ ಮೇಜುಗಳಲ್ಲಿಯೂ ಕೆಲಸ ಶುರುವಾಯಿತು. ಸ್ವಲ್ಪ ಹೊತ್ತಿನಲ್ಲಿಯೇ ಮೂರನೆಯ ಮೇಜಿನಲ್ಲಿ ಕೆಲಸ ಮಾಡುವ ಹಿರಿಯ ಮಹಿಳೆ ನನ್ನ ಕೋಣೆಯ ಬಾಗಿಲಿಗೆ ಬಂದು, “ಸರ್, ನಿನ್ನೆ ಫೋಲ್ಡರ್ ಕಾಣ್ತಿಲ್ರೀ” ಎಂದರು. ನಾನು ಸರ್ವರಿಗೆ ಲಾಗಿನ್ ಆಗಿ ಎನ್‌ಎಫ್‌ಎಸ್ ಸೇವೆಯ ಸ್ಥಿತಿಯನ್ನು ಕೇಳಿದೆ. ಹಸಿರು ಅಕ್ಷರಗಳಲ್ಲಿ ‘ಆಕ್ಟಿವ್’ ಎಂದು ಬಂತು. “ಸರ್ವರ್ ಚೆನ್ನಾಗೈತಿ ಅಕ್ಕಾ, ಒಮ್ಮೆ ರಿಫ್ರೆಶ್ ಮಾಡ್ರಿ” ಎಂದು ಹೇಳಿ ಕಳುಹಿಸಿದೆ. ಆ ದಿನ ನಾನು ಮಾಡಿದ ಮೊದಲ ತಪ್ಪು ಇದು.

ಉಳಿದವರು ಯಾರೂ ದೂರು ಹೇಳಲಿಲ್ಲ. ಸ್ಕ್ಯಾನಿಂಗ್ ತಂತ್ರಾಂಶವು ದಿನವೂ ಆ ದಿನದ ತಾರೀಖಿನ ಹೊಸ ಫೋಲ್ಡರನ್ನು ತಾನೇ ಮಾಡಿಕೊಳ್ಳುವುದರಿಂದ ಹಿಂದಿನ ದಿನಗಳದ್ದು ಇದೆಯೋ ಇಲ್ಲವೋ ಎಂದು ನೋಡುವ ಅಗತ್ಯ ಅವರಿಗೆ ಬರುವುದಿಲ್ಲ. ಮಧ್ಯಾಹ್ನ ಹನ್ನೆರಡು ಮುಕ್ಕಾಲಿಗೆ ಎಂಟೂ ಮೇಜುಗಳಲ್ಲಿ ಒಟ್ಟಿಗೆ ‘ಡಿಸ್ಕಿನಲ್ಲಿ ಜಾಗವಿಲ್ಲ’ ಎಂಬ ಸಂದೇಶ ಬಂದಾಗ, ಹಲವು ಟಿಬಿ ಖಾಲಿ ಇರುವ ಪೆಟ್ಟಿಗೆಯಲ್ಲಿ ಜಾಗ ಹೇಗೆ ಮುಗಿಯಿತು ಎಂಬ ಪ್ರಶ್ನೆ ಕಡೆಗೂ ನನಗೆ ಹುಟ್ಟಿತು. ಮೌಂಟ್ ಆದ ಡಿಸ್ಕುಗಳನ್ನೂ ಅವುಗಳಲ್ಲಿ ಉಳಿದ ಜಾಗವನ್ನೂ ತೋರಿಸುವ ‘ಡಿಎಫ್’ ಆಜ್ಞೆ ಕೊಟ್ಟು ನೋಡಿದರೆ ಆ ಪೆಟ್ಟಿಗೆ ಪಟ್ಟಿಯಲ್ಲಿಯೇ ಇರಲಿಲ್ಲ. ಸರ್ವರಿನ ಮೂಲ ಡಿಸ್ಕ್ ಮಾತ್ರ 100% ತುಂಬಿತ್ತು.

ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಈ ಪೆಟ್ಟಿಗೆಯ ಡಿಸ್ಕುಗಳು ತಿರುಗಿ ಸಿದ್ಧವಾಗಲು ಒಂದು ನಿಮಿಷಕ್ಕಿಂತ ಹೆಚ್ಚು ಬೇಕು. ಹಿಂದೊಮ್ಮೆ ಇದೇ ಕಾರಣಕ್ಕೆ ಬೂಟ್ ಅರ್ಧಕ್ಕೆ ನಿಂತಿದ್ದರಿಂದ, ನನಗಿಂತ ಮೊದಲಿದ್ದವರು ಅದನ್ನು ಬೂಟ್ ಆಗುವಾಗ ಮೌಂಟ್ ಮಾಡಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕಡತದಿಂದ ತೆಗೆದುಹಾಕಿ, ಬೂಟ್‌ನ ಕೊನೆಯಲ್ಲಿ ಓಡುವ ಆರ್‌ಸಿ ಡಾಟ್ ಲೋಕಲ್ ಸ್ಕ್ರಿಪ್ಟಿನಲ್ಲಿ ಇಪ್ಪತ್ತು ಸೆಕೆಂಡ್ ಕಾದು ಮೌಂಟ್ ಮಾಡುವ ಎರಡು ಸಾಲು ಬರೆದಿದ್ದರು. ಆ ಬೆಳಗಿನ ಜಾವ ಇಪ್ಪತ್ತು ಸೆಕೆಂಡ್ ಸಾಕಾಗಲಿಲ್ಲ. ಮೌಂಟ್ ವಿಫಲವಾಯಿತು, ಅದನ್ನು ಯಾರಿಗೂ ತಿಳಿಸುವ ಏರ್ಪಾಡು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಎನ್‌ಎಫ್‌ಎಸ್ ಡೀಮನ್‌ಗೆ, ಅಂದರೆ ಹಿನ್ನೆಲೆಯಲ್ಲಿ ಓಡುವ ಆ ಸೇವೆಗೆ, ಇದ್ಯಾವುದೂ ಸಂಬಂಧಿಸಿದ್ದಲ್ಲ. ಯಾವುದನ್ನು ಯಾರಿಗೆ ಹಂಚಬೇಕೆಂದು ಹೇಳುವ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ಬರೆದಿರುವ ಹೆಸರಿನ ಡೈರೆಕ್ಟರಿ ಇದೆಯೇ ಎಂದು ಅದು ನೋಡುತ್ತದೆ. ಮೌಂಟ್ ಆಗದ ಖಾಲಿ ಡೈರೆಕ್ಟರಿಯೂ ಡೈರೆಕ್ಟರಿಯೇ. ಅದಕ್ಕೆ ಯಾರೋ ಅವಸರದಲ್ಲಿ, ಯಾರು ಬೇಕಾದರೂ ಬರೆಯಬಹುದಾದ 777 ಅನುಮತಿಯನ್ನು ಬೇರೆ ಕೊಟ್ಟಿದ್ದರು, ಇಲ್ಲದಿದ್ದರೆ ಬೆಳಿಗ್ಗೆಯೇ ‘ಅನುಮತಿ ಇಲ್ಲ’ ಎಂಬ ದೂರು ಬಂದು ನಾವು ಬದುಕಿಕೊಳ್ಳುತ್ತಿದ್ದೆವು. 300 ಡಿಪಿಐಯಲ್ಲಿ ಬೂದು ಬಣ್ಣದ ಎ4 ಪುಟವೊಂದು ಕುಗ್ಗಿಸದೆ ಇಟ್ಟರೆ ಸುಮಾರು 8.7 ಎಂಬಿ ಆಗುತ್ತದೆ. ಮೂಲ ಡಿಸ್ಕಿನಲ್ಲಿ ಉಳಿದಿದ್ದ 18 ಜಿಬಿ ತುಂಬಲು ಎರಡು ಸಾವಿರಕ್ಕೂ ಸ್ವಲ್ಪ ಹೆಚ್ಚು ಪುಟಗಳು ಸಾಕಾದವು.

ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಪೆಟ್ಟಿಗೆ ಮೌಂಟ್ ಆಗಿಲ್ಲ ಎಂದು ಕಂಡ ಕೂಡಲೇ ನಾನು ಅದನ್ನು ಮೌಂಟ್ ಮಾಡಿದೆ. ಹಿಂದಿನ ದಿನಗಳ ಫೋಲ್ಡರ್‌ಗಳೆಲ್ಲ ಮರಳಿ ಬಂದವು, ಆದರೆ ಆ ಬೆಳಗಿನ ಎರಡು ಸಾವಿರ ಪುಟಗಳು ಕಣ್ಮರೆಯಾದವು. ಅವು ಅಳಿದಿರಲಿಲ್ಲ, ಹಾಸಿದ ಚಾಪೆಯ ಮೇಲೆ ಜಮಖಾನೆ ಹಾಸಿದಂತೆ, ಹೊಸದಾಗಿ ಮೌಂಟ್ ಆದ ಪೆಟ್ಟಿಗೆಯ ಫೈಲ್ ಸಿಸ್ಟಮ್ಮಿನ ಕೆಳಗೆ ಮುಚ್ಚಿಹೋಗಿದ್ದವು. ಇತ್ತ ಎಂಟೂ ಮೇಜುಗಳಲ್ಲಿ ‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂಬ ದೋಷ ಬರತೊಡಗಿತು. ಕ್ಲೈಂಟ್, ಅಂದರೆ ಮೇಜಿನ ಕಂಪ್ಯೂಟರ್, ಹಿಡಿದುಕೊಂಡಿರುವುದು ಡೈರೆಕ್ಟರಿಯ ಹೆಸರನ್ನಲ್ಲ, ಫೈಲ್ ಸಿಸ್ಟಮ್ಮಿನ ಗುರುತು ಮತ್ತು ಅದರೊಳಗಿನ ಕ್ರಮಸಂಖ್ಯೆಯಾದ ಐನೋಡ್ ಸಂಖ್ಯೆ ಸೇರಿದ ಒಂದು ಹಿಡಿಕೆಯನ್ನು. ಹೆಸರು ಅದೇ ಇದ್ದರೂ ಅದರ ಹಿಂದಿನ ಫೈಲ್ ಸಿಸ್ಟಮ್ ಬದಲಾದರೆ ಆ ಹಿಡಿಕೆ ಕೆಲಸಕ್ಕೆ ಬಾರದು. ನಾನು ಗಾಬರಿಯಲ್ಲಿ ಸರ್ವರಿನ ಸೇವೆಯನ್ನು ಮೂರು ಸಲ ಮರುಪ್ರಾರಂಭಿಸಿದೆ. ಎನ್‌ಎಫ್‌ಎಸ್ ನಾಲ್ಕನೆಯ ಆವೃತ್ತಿಯಲ್ಲಿ ಸರ್ವರ್ ಎದ್ದ ಮೇಲೆ, ಹಳೆಯ ಕ್ಲೈಂಟುಗಳು ಫೈಲುಗಳ ಮೇಲಿದ್ದ ತಮ್ಮ ಲಾಕುಗಳನ್ನು (ಹಿಡಿತವನ್ನು) ಮರಳಿ ಕೇಳಲೆಂದು ಸಾಮಾನ್ಯವಾಗಿ 90 ಸೆಕೆಂಡುಗಳ ಅವಕಾಶವಿರುತ್ತದೆ ಮತ್ತು ಆ ಹೊತ್ತಿನಲ್ಲಿ ಯಾರೂ ಹೊಸದಾಗಿ ಫೈಲ್ ತೆರೆಯುವಂತಿಲ್ಲ. ಅದನ್ನೇ ಹ್ಯಾಂಗ್ ಎಂದು ತಿಳಿದು ಪ್ರತಿ ಸಲವೂ ಎಣಿಕೆಯನ್ನು ಮೊದಲಿನಿಂದ ಶುರು ಮಾಡಿಸಿದವನು ನಾನೇ.

ಮುಚ್ಚಿಹೋದ ಪುಟಗಳನ್ನು ತೆಗೆದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ತಿಳಿಯದೆ ಮರುಸ್ಕ್ಯಾನಿಗೆ ಇಳಿದವರನ್ನು ನೋಡಿದ್ದೇನೆ. ಮೌಂಟ್ ಆಜ್ಞೆಗೆ ‘ಬೈಂಡ್’ ಆಯ್ಕೆ ಕೊಟ್ಟು ಮೂಲ ಫೈಲ್ ಸಿಸ್ಟಮ್ಮನ್ನು, ಅಂದರೆ ಲಿನಕ್ಸ್‌ನಲ್ಲಿ ಬರೀ ಓರೆಗೆರೆಯಿಂದ (/) ಸೂಚಿಸುವುದನ್ನು, ಇನ್ನೊಂದು ಖಾಲಿ ಡೈರೆಕ್ಟರಿಯಲ್ಲಿ ಮತ್ತೊಮ್ಮೆ ಕಾಣಿಸಿಕೊಳ್ಳುವಂತೆ ಮಾಡಬಹುದು. ಸಾದಾ ಬೈಂಡ್ ತನ್ನೊಳಗಿನ ಬೇರೆ ಮೌಂಟುಗಳನ್ನು ಜೊತೆಗೆ ತರುವುದಿಲ್ಲವಾದ್ದರಿಂದ, ಅಲ್ಲಿ ‘ಕಡತ’ವನ್ನು ತೆರೆದರೆ ಅಡಿಯಲ್ಲಿದ್ದದ್ದು ಕಾಣುತ್ತದೆ. ಹಾಗೆ ಕಂಡ ಪುಟಗಳನ್ನು ಆರ್‌ಸಿಂಕ್ ಮೂಲಕ ಪೆಟ್ಟಿಗೆಗೆ ನಕಲಿಸಿ, ನಕಲು ಸರಿಯಿದೆಯೇ ಎಂದು ಚೆಕ್‌ಸಮ್ ಹೋಲಿಸಿದ ನಂತರವೇ ಮೂಲ ಡಿಸ್ಕಿನಿಂದ ಅಳಿಸಿದೆ. ಡಿಸ್ಕ್ ತುಂಬಿದ ಗಳಿಗೆಯಲ್ಲಿ ಬರೆಯುತ್ತಿದ್ದ ಹದಿನಾಲ್ಕು ಫೈಲುಗಳ ಗಾತ್ರ ಮಾತ್ರ ಸೊನ್ನೆಯಾಗಿತ್ತು. ಆ ಹದಿನಾಲ್ಕು ಪುಟಗಳನ್ನು ಸಂಜೆ ಮೂರನೆಯ ಮೇಜಿನ ಅದೇ ಮಹಿಳೆ ಮತ್ತೆ ಸ್ಕ್ಯಾನ್ ಮಾಡಿಕೊಟ್ಟರು. “ಬೆಳಿಗ್ಗೇನ ಹೇಳಿದ್ನೆಲ್ರೀ ಸರ್” ಎಂದರು, ಅಷ್ಟೇ.

ಮರುದಿನ ಭಾನುವಾರ. ಪೆಟ್ಟಿಗೆಯನ್ನು ಅದರ ವಿಶಿಷ್ಟ ಗುರುತಾದ ಯುಯುಐಡಿ ಸಮೇತ ಮತ್ತೆ ಎಫ್‌ಎಸ್‌ಟ್ಯಾಬ್‌ಗೆ ಸೇರಿಸಿದೆ. ಬೂಟ್ ಆಗುವಾಗ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಒಂದು ಸಾಧನಕ್ಕಾಗಿ ಕಾಯುವ ಗಡುವು ಸಾಮಾನ್ಯವಾಗಿ 90 ಸೆಕೆಂಡ್, ಅದನ್ನು ಐದು ನಿಮಿಷಕ್ಕೆ ಏರಿಸಿದೆ. ಪೆಟ್ಟಿಗೆ ಸಿಗದಿದ್ದರೂ ಸರ್ವರ್ ಎದ್ದು ನನಗೆ ಲಾಗಿನ್ ಕೊಡಬೇಕು, ಆದರೆ ಎನ್‌ಎಫ್‌ಎಸ್ ಮಾತ್ರ ಏಳಬಾರದು ಎಂಬಂತೆ ಸೇವೆಯನ್ನು ಆ ಮೌಂಟಿಗೆ ಕಟ್ಟಿಹಾಕಿದೆ. ಎಕ್ಸ್‌ಪೋರ್ಟ್ಸ್ ಸಾಲಿಗೆ ‘ಮೌಂಟ್‌ಪಾಯಿಂಟ್’ ಎಂಬ ಆಯ್ಕೆಯನ್ನು ಸೇರಿಸಿದೆ. ಡೈರೆಕ್ಟರಿಯ ಮೇಲೆ ನಿಜವಾಗಿಯೂ ಏನಾದರೂ ಮೌಂಟ್ ಆಗಿದ್ದರೆ ಮಾತ್ರ ಹಂಚು ಎಂದು ಅದರ ಅರ್ಥ. ಈ ಒಂದು ಪದ ಮೊದಲೇ ಇದ್ದಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ. ಕೊನೆಗೆ ಪೆಟ್ಟಿಗೆಯನ್ನು ಅನ್‌ಮೌಂಟ್ ಮಾಡಿ, ಅಡಿಯ ಖಾಲಿ ಡೈರೆಕ್ಟರಿಗೆ ಚಾಟ್ರ್ ಆಜ್ಞೆಯಿಂದ ಬದಲಾಗದ ಗುರುತು ಹಾಕಿದೆ. ಇನ್ನು ಅದರೊಳಗೆ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನೂ ಒಂದು ಫೈಲ್ ಮಾಡಲಾರ, ಆದರೆ ಅದರ ಮೇಲೆ ಮೌಂಟ್ ಮಾಡಲು ಅಡ್ಡಿಯಿಲ್ಲ.

ಎಕ್ಸ್‌ಪೋರ್ಟ್ಸ್ ಕಡತವನ್ನು ತೆರೆದಾಗ ಇನ್ನೆರಡು ಕಣ್ಣಿಗೆ ಬಿದ್ದವು. ಒಂದು, ವೇಗಕ್ಕಾಗಿ ಹಾಕಿದ್ದ ‘ಅಸಿಂಕ್’. ಡಿಸ್ಕಿಗೆ ಬರೆಯುವ ಮೊದಲೇ ‘ಬರೆದೆ’ ಎಂದು ಕ್ಲೈಂಟಿಗೆ ಉತ್ತರಿಸುವ ಈ ಆಯ್ಕೆ, ಕರೆಂಟಿನ ಭರವಸೆ ಇಲ್ಲದ ನಮ್ಮ ಕಡೆ ಸಲ್ಲದು. ತೆಗೆದೆ, ಸ್ವಲ್ಪ ನಿಧಾನವಾಯಿತು, ಆಗಲಿ. ಇನ್ನೊಂದು, ಕಂಪ್ಯೂಟರಿನ ವಿಳಾಸಕ್ಕೂ ಆವರಣ ಚಿಹ್ನೆಗೂ ನಡುವೆ ಇದ್ದ ಒಂದು ಖಾಲಿ ಜಾಗ. ಆ ಜಾಗ ಇದ್ದರೆ ಆವರಣದೊಳಗಿನ ಬರೆಯುವ ಹಕ್ಕು ಆ ಕಂಪ್ಯೂಟರಿಗಲ್ಲ, ಊರಿಗೆಲ್ಲ ಸಲ್ಲುತ್ತದೆ. ಇಂಥ ತಿದ್ದುಪಡಿಗೆ ಸೇವೆಯನ್ನು ಮರುಪ್ರಾರಂಭಿಸಬೇಕಿಲ್ಲ. ಎಕ್ಸ್‌ಪೋರ್ಟ್‌ಎಫ್‌ಎಸ್ ಆಜ್ಞೆಯಿಂದ ಪಟ್ಟಿಯನ್ನು ಮತ್ತೆ ಓದಿಸಿದರೆ ಸಾಕು.

ಚಿತ್ರದುರ್ಗದಲ್ಲಿರುವ ನಮ್ಮ ಇನ್ನೊಂದು ಘಟಕದಲ್ಲಿಯೂ ಇದೇ ಜೋಡಣೆ, ಅದೇ ಎರಡು ಸಾಲಿನ ಸ್ಕ್ರಿಪ್ಟ್ ಇತ್ತು. ಮುಂದಿನ ವಾರ ಬಸ್ಸಿನಲ್ಲಿ ಹೋಗಿ ಅಲ್ಲಿಯೂ ಎಲ್ಲವನ್ನೂ ಬದಲಾಯಿಸಿದೆ. ಕೆಲಸ ಮುಗಿದ ಮೇಲೆ ಸರ್ವರನ್ನು ಕ್ರಮವಾಗಿ ಶಟ್‌ಡೌನ್ ಮಾಡಿ, ಪೆಟ್ಟಿಗೆಯ ಪ್ಲಗ್ಗನ್ನು ಬೇಕೆಂದೇ ಕಿತ್ತಿಟ್ಟು, ಸರ್ವರನ್ನು ಮಾತ್ರ ಆನ್ ಮಾಡಿ ಹೊರಗೆ ಚಹಾ ಕುಡಿಯುತ್ತ ಕುಳಿತೆ. ಏಳೆಂಟು ನಿಮಿಷಕ್ಕೆ ಅಲ್ಲಿಯ ಹುಡುಗ ಓಡಿ ಬಂದು, “ಸರ್, ಯಾವ ಮಷೀನ್‌ನಾಗೂ ಶೇರ್ ಬರ್ತಿಲ್ಲ, ಎಲ್ಲಾ ನಿಂತೈತಿ” ಎಂದು ಗಾಬರಿಯಿಂದ ಹೇಳಿದ. ಅವನಿಗೂ ಒಂದು ಚಹಾ ಹೇಳಿ, ಕುಡಿದ ಮೇಲೆ ಒಳಗೆ ಹೋಗಿ ಪ್ಲಗ್ ಹಾಕಿದೆ.