ಪಕ್ಕದ ಮನೆಯ ಗುಳಿಗೆ

ಗಂಗಾವತಿಯ ಮೆಡಿಕಲ್ ಶಾಪ್ ಒಂದರಲ್ಲಿ ನನ್ನ ಕೆಲಸ. ಅಕ್ಕಿ ಗಿರಣಿಗಳ ಊರು, ಹಾಗಾಗಿ ನಮ್ಮ ಗಿರಾಕಿಗಳಲ್ಲಿ ಹಮಾಲರೇ ಜಾಸ್ತಿ. 75 ಕೆಜಿಯ ಭತ್ತದ ಚೀಲ ಹೊತ್ತು ಹೊತ್ತು ಸೊಂಟ ಹಿಡಿದಿರುತ್ತದೆ. "ಯಣ್ಣಾ, ಜೋರು ಗುಳಿಗಿ ಕೊಡು, ನಾಳಿ ಕೆಲಸಕ್ಕ ಹೋಗಬೇಕು" ಅನ್ನುತ್ತಾರೆ. ಒಂದು ದಿನ ಮಲಗಿದರೆ ಆ ದಿನದ ಕೂಲಿ ಹೋಯಿತು. ಡಾಕ್ಟರ ಫೀಸು, ಎಕ್ಸ್‌ರೇ ಬೇರೆ.

ಸುಗ್ಗಿ ಸಮಯ. ಮಧ್ಯಾಹ್ನ ಹಮಾಲನೊಬ್ಬನ ಹೆಂಡತಿ ಬಂದು ಸೆರಗಿನ ಗಂಟು ಬಿಚ್ಚಿದಳು. ಖಾಲಿ ಸ್ಟ್ರಿಪ್ಪಿನ ಒಂದು ತುಂಡು. "ಇದೇ ಗುಳಿಗಿ ಬೇಕ್ರೀ."

ತಿರುಗಿಸಿ ನೋಡಿದೆ. ಮಾರ್ಫಿನ್, 30 ಮಿಲಿಗ್ರಾಂ. ಅಫೀಮಿನಿಂದ ಬರುವ ಜೋರು ನೋವಿನ ಮದ್ದು. ನಮ್ಮಂಥ ಅಂಗಡಿಯಲ್ಲಿ ಇಡುವ ಮಾತ್ರೆಯೇ ಅಲ್ಲ ಅದು.

"ಎಲ್ಲಿ ಸಿಕ್ತವ್ವಾ ಇದು?"

ಪಕ್ಕದ ಮನೆ ಅಜ್ಜ ಕ್ಯಾನ್ಸರ್ ಆಗಿ ತೀರಿಕೊಂಡಿದ್ದ. ಉಳಿದದ್ದರಲ್ಲಿ ಎರಡನ್ನು ಅಜ್ಜಿ ಕತ್ತರಿಸಿ ಕೊಟ್ಟಿದ್ದಳು. ನಮ್ಮ ಓಣಿಗಳಲ್ಲಿ ಕರಿಬೇವು ಕೊಟ್ಟಷ್ಟೇ ಸಲೀಸಾಗಿ ಗುಳಿಗೆಯನ್ನೂ ಕೊಡುತ್ತಾರೆ.

"ನುಂಗಿದ ನಿನ್ನ ಗಂಡ ಈಗ ಹೆಂಗದಾನ?"

"ಆರಾಮ ಅದಾನ್ರೀ. ಬೆಳಿಗ್ಗಿಂದ ಗೊರಕಿ ಹೊಡಿಯಾಕತ್ಯಾನ."

ನನಗೆ ಭಯ ಹುಟ್ಟಿಸಿದ್ದು ಆ ಗೊರಕೆಯೇ. ಮನೆಯವರಿಗೆ ಅದು ನಿದ್ದೆ, ನೋವು ಇಳಿದ ಗುರುತು. ಆದರೆ ಈ ಜಾತಿಯ ಔಷಧ ಮಿದುಳಿನಲ್ಲಿ ನೋವನ್ನಷ್ಟೇ ತಗ್ಗಿಸುವುದಿಲ್ಲ, ಉಸಿರಾಡು ಅಂತ ಹೇಳುವ ಭಾಗವನ್ನೂ ಮಂಕು ಮಾಡುತ್ತದೆ. ಅಜ್ಜನ ಮೈ ತಿಂಗಳುಗಟ್ಟಲೆ ಅದಕ್ಕೆ ಒಗ್ಗಿತ್ತು, ಡಾಕ್ಟರು ಸ್ವಲ್ಪ ಸ್ವಲ್ಪವೇ ಏರಿಸಿರುತ್ತಾರೆ. ಇವನಿಗೆ ಅದು ಮೊದಲನೇ ಸಲ.

ಮಾಲೀಕರಿಗೆ ಹೇಳಿ ಅವಳ ಜೊತೆ ಓಡಿದೆ. ದಾರಿಯಲ್ಲಿ ಒಂದೊಂದೇ ಹೊರಬಂತು. ರಾತ್ರಿ ಅವನು ಕುಡಿದು ಬಂದಿದ್ದ. ಬೆಳಗಿನ ಜಾವ ನೋವು ತಡೆಯದೆ ನರಳಿದಾಗ ಇವಳು ಎರಡೂ ಗುಳಿಗೆ ಕುಟ್ಟಿ ಪುಡಿ ಮಾಡಿ ನೀರಲ್ಲಿ ಕಲಸಿ ಕೊಟ್ಟಿದ್ದಳು, ಬೇಗ ಹತ್ತಲಿ ಅಂತ. ಅದು 12 ಗಂಟೆಗಳಲ್ಲಿ ನಿಧಾನವಾಗಿ ಕರಗಬೇಕಾದ ಮಾತ್ರೆ. ಪುಡಿ ಮಾಡಿದರೆ ಅಷ್ಟೂ ಮದ್ದು ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಹೊಟ್ಟೆಯಲ್ಲಿ ಹೆಂಡ ಇದ್ದರಂತೂ ಇನ್ನೂ ಕೆಟ್ಟದ್ದು.

ಅವನ ತುಟಿ ನೀಲಿಯಾಗಿತ್ತು. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು. ರೆಪ್ಪೆ ಎತ್ತಿ ನೋಡಿದರೆ ಕಣ್ಣಪಾಪೆ ಸೂಜಿ ಚುಚ್ಚಿದಷ್ಟೇ ಚಿಕ್ಕದು. ಎದೆ ಉಜ್ಜಿದರೆ ಒಮ್ಮೆ "ಹಾಂ" ಅಂದು ಮತ್ತೆ ಮುಳುಗುತ್ತಿದ್ದ. ಆಟೋದಲ್ಲಿ ಸರ್ಕಾರಿ ಆಸ್ಪತ್ರೆ ಸೇರುವವರೆಗೂ ಅಲುಗಾಡಿಸುತ್ತಲೇ ಇದ್ದೆ. ಸ್ಟ್ರಿಪ್ಪಿನ ತುಂಡನ್ನು ಡಾಕ್ಟರ ಕೈಗಿಟ್ಟೆ. ಅದಿಲ್ಲದಿದ್ದರೆ ಕುಡಿದು ಬಿದ್ದವನು ಅಂತಲೇ ನೋಡುತ್ತಿದ್ದರೇನೋ.

ನಲೋಕ್ಸೋನ್ ಚುಚ್ಚಿದರು. ನೋಡನೋಡುತ್ತಲೇ ಕಣ್ಣು ಬಿಟ್ಟ. ಬಿಟ್ಟವನೇ ಸೊಂಟ ಹಿಡಿದು ಚೀರಿದ. ಆ ಇಂಜೆಕ್ಷನ್ ಮಾರ್ಫಿನ್ನಿನ ಕೆಲಸವನ್ನೇ ತಡೆಯುತ್ತದೆ, ಹಾಗಾಗಿ ಅಡಗಿದ್ದ ನೋವೂ ವಾಪಸ್. ಹೆಂಡತಿ ಮನೆಗೆ ಕರೆದೊಯ್ಯಲು ಎದ್ದಳು. ಡಾಕ್ಟರು ಬಿಡಲಿಲ್ಲ. ಇಂಜೆಕ್ಷನ್ನಿನ ಬಲ ಒಂದೂವರೆ ಗಂಟೆಯೊಳಗೇ ಇಳಿಯಬಹುದು. ಮಾರ್ಫಿನ್ ಅದಕ್ಕಿಂತ ಹೆಚ್ಚು ಹೊತ್ತು ಮೈಯಲ್ಲಿರುತ್ತದೆ, ಮತ್ತೆ ಉಸಿರು ಕಟ್ಟಬಹುದು. ರಾತ್ರಿಯಿಡೀ ಇರಿಸಿಕೊಂಡರು.

ಆಮೇಲೆ ಗೊತ್ತಾಯಿತು, ಬಲಗಾಲಿನ ಪಾದ ಜೋಮು ಹಿಡಿದಿತ್ತು. ಬೆನ್ನಿನ ಡಿಸ್ಕ್ ನರ ಒತ್ತುತ್ತಿತ್ತು. ಜೋರು ಗುಳಿಗೆಯಲ್ಲಿ ನೋವು ಮರೆತು ಮಾರನೇ ದಿನವೂ ಚೀಲ ಎತ್ತಿದ್ದರೆ?

ಇಷ್ಟಾದರೂ ಮಾರ್ಫಿನ್ನನ್ನು ನಾನು ಬೈಯುವುದಿಲ್ಲ. ಅಜ್ಜನಿಗೆ ಕೊನೆಯ ತಿಂಗಳುಗಳಲ್ಲಿ ಅನ್ನ ಇಳಿದದ್ದು, ನಿದ್ದೆ ಹತ್ತಿದ್ದು ಅದರಿಂದಲೇ. ಇಂಥ ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾನೂನು ತಿದ್ದಿದ್ದು. ನಮ್ಮ ಅಂಗಡಿಗಳಲ್ಲಿ ಸಿಗುವ ಟ್ರಮಡಾಲ್ ಕೂಡ ಇದೇ ಬಳಗದ್ದು. ಅದರಿಂದ ಕೆಲವರಿಗೆ ಫಿಟ್ಸ್ ಬರುತ್ತದೆ. 2018ರಿಂದ ಅದೂ ಅದೇ ಕಾನೂನಿನಡಿ ಇದೆ. ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರೆ ಸುಮ್ನೆ ಸತಾಯಿಸುತ್ತೇವೆ ಅಂದುಕೊಳ್ಳುತ್ತಾರೆ.

ಸಂಜೆ ಅಜ್ಜಿಯ ಮನೆಗೆ ಹೋದೆ. ಬಿಸ್ಕೆಟ್ ಡಬ್ಬಿ ತಂದು ಮುಂದಿಟ್ಟಳು. ಒಳಗೆ ಇನ್ನೂ ಪೂರ್ತಿ ಸ್ಟ್ರಿಪ್ಪುಗಳಿದ್ದವು. ಗಂಡನಿಗೆ ಕೊಟ್ಟ ಆಸ್ಪತ್ರೆಗೇ ಮಗನ ಕೈಲಿ ವಾಪಸ್ ಕಳಿಸಬೇಕು ಅಂದೆ. ತಲೆ ಆಡಿಸಿದಳು. ಡಬ್ಬಿ ಮುಚ್ಚುವ ಮೊದಲು ತಡೆದು ಕೇಳಿದಳು:

"ತಮ್ಮಾ, ನನ್ನ ಮೊಣಕಾಲಿಗೆ ಒಂದೆರಡು ಇಟ್ಕೊಳ್ಳಲೇನು?"