ಜೇಜುರಿ ಬೆಟ್ಟದ ಅರ್ಧದಲ್ಲಿ

ಪುಣೆಯಲ್ಲಿ ಬೈಕ್ ಇರುವವರೆಲ್ಲ ಭಾನುವಾರ ಬಂತೆಂದರೆ ಪಶ್ಚಿಮಕ್ಕೇ ಓಡುತ್ತಾರೆ. ಲೋಣಾವಳಾ, ಮುಳಶಿ, ತಾಮ್ಹಿಣಿ. ಮಳೆಗಾಲದಲ್ಲಿ ಸರಿ. ಮೇ ತಿಂಗಳಲ್ಲಿ ಅಲ್ಲಿ ಏನಿದೆ? ಒಣಗಿದ ಗುಡ್ಡ, ರೆಸಾರ್ಟಿಗೆ ಹೊರಟ ಕಾರುಗಳ ಸಾಲು. ಬಿಸಿಲು ಎಲ್ಲ ಕಡೆ ಒಂದೇ, ಪೂರ್ವದ ಹಳ್ಳಿ ರಸ್ತೆಗಳು ಖಾಲಿಯಾದರೂ ಇರುತ್ತವೆ ಅಂತ ನಾವು ಆ ಕಡೆ ತಿರುಗಿದೆವು. ಹಡಪಸರ, ದಿವೇ ಘಾಟ್, ಸಾಸವಡ, ಜೇಜುರಿ. ಅಲ್ಲಿಂದ ಒಳರಸ್ತೆಯಲ್ಲಿ ಭುಲೇಶ್ವರದ ಹಳೇ ಗುಡಿ. ಆಮೇಲೆ ಯವತ ಹತ್ತಿರ ಸೋಲಾಪುರ ಹೆದ್ದಾರಿ ಹಿಡಿದು ಮನೆ. ಆರು ಬೈಕ್, ಎಲ್ಲರೂ ಕನ್ನಡದವರೇ. ಮಂಡ್ಯದಿಂದ ವಿಜಯಪುರದವರೆಗೆ ಎಲ್ಲ ಬಗೆಯ ಕನ್ನಡ.

ಆಷಾಢದಲ್ಲಿ ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಖಿ ಹತ್ತುವುದು ಇದೇ ದಿವೇ ಘಾಟನ್ನು. ನಾವು ಹತ್ತಿದಾಗ ಧೂಳು ಬಿಟ್ಟರೆ ಬೇರೇನೂ ಇರಲಿಲ್ಲ. ಮೇಲಿನ ತಿರುವಿನಲ್ಲಿ ನಿಂತು ಕೆಳಗಿನ ಮಸ್ತಾನಿ ತಲಾವ್ ನೋಡಿದೆವು. ಸಾಸವಡದಲ್ಲಿ ಮಿಸಳ್ ತಿಂದೆವು. ಖಾರ ಹದವಾಗಿತ್ತು, ಎಣ್ಣೆ ಜಾಸ್ತಿ. ಅಂಜೂರ ಮಾತ್ರ ಬಲು ಚೆನ್ನಾಗಿತ್ತು. ಪುರಂದರ ತಾಲ್ಲೂಕಿನ ಅಂಜೂರಕ್ಕೆ ಜಿಐ ಟ್ಯಾಗ್ ಸುಮ್ಮನೆ ಕೊಟ್ಟಿಲ್ಲ.

ಜೇಜುರಿಗೆ ನಾವು ಹೋಗಿದ್ದು ನಿಜ ಹೇಳಬೇಕೆಂದರೆ ಫೋಟೋಕ್ಕೆ. ಅರಿಶಿನದ ಭಂಡಾರ ತೂರುವಾಗ ಇಡೀ ಬೆಟ್ಟ ಹಳದಿಯಾಗುತ್ತದಲ್ಲ, ಅದು. ಭಾನುವಾರ ಖಂಡೋಬನ, ಅಂದರೆ ನಮ್ಮ ಮೈಲಾರಲಿಂಗನ ವಾರ, ಜನ ಕಿಕ್ಕಿರಿದಿದ್ದರು. ಹೊಸದಾಗಿ ಮದುವೆಯಾದ ಹುಡುಗರು ಹೆಂಡತಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಐದು ಮೆಟ್ಟಿಲಾದರೂ ಎತ್ತಲೇಬೇಕು ಅನ್ನುವುದು ಇಲ್ಲಿಯ ಪದ್ಧತಿ. ಐದಕ್ಕೇ ಇಳಿಸಿದವನನ್ನು ನೋಡಿ ಸುತ್ತ ನಿಂತವರು ಕೂಗಿದ್ದೇ ಕೂಗಿದ್ದು.

ಅರ್ಧ ಬೆಟ್ಟದಲ್ಲಿ ಖಂಡೋಬನ ಎರಡನೇ ಹೆಂಡತಿ ಬಾಣಾಯಿಯ ಗುಡಿ ಇದೆ. ಜನ ಹೆಚ್ಚಾಗಿ ಕೈ ಮುಗಿದು ಮೇಲೆ ಹೋಗುತ್ತಾರೆ. ನಾವೂ ಹಾಗೇ ಹೋಗುತ್ತಿದ್ದೆವು. ನೆರಳಲ್ಲಿ ಕೂತಿದ್ದ ಒಬ್ಬ ಅಜ್ಜಿ ನಮ್ಮ ಮಾತು ಕೇಳಿ ಕರೆದರು.

"ಎಲ್ಲ್ಯಾವ್ರಪಾ ತಮ್ಮಾ ನೀವು? ಇಂಥಾ ಬಿಸಲಾಗ ಕರೀ ಕೋಟ ಯಾಕ ಹಾಕ್ಕೊಂಡೀರಿ?"

ಬಿದ್ದರೆ ಪೆಟ್ಟಾಗಬಾರದು ಅಂತ ಹಾಕಿಕೊಳ್ಳುವ ಜಾಕೆಟ್ ಎಂದು ಹೇಳಿದೆವು. "ಬೀಳೂದ ಯಾಕ?" ಅಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಥಣಿ ಕಡೆಯವರು. ಮಗ, ಸೊಸೆ, ಬೀಗರು ಎಲ್ಲ ಸೇರಿ ಕ್ರೂಸರ್ ಮಾಡಿಕೊಂಡು ಬಂದಿದ್ದರು. ಉಳಿದವರು ಮೇಲೆ ಖಂಡೋಬನ ದರ್ಶನಕ್ಕೆ ಸಾಲು ಹಚ್ಚಿದ್ದರು. ಅಜ್ಜಿ ಮಾತ್ರ ಬಾಣಾಯಿ ಹತ್ತಿರ ಕೂತುಬಿಟ್ಟಿದ್ದರು. ಮೊಣಕಾಲು ನೋವೇನೋ ಅಂದುಕೊಂಡು ಮಂಡ್ಯದ ಗೆಳೆಯ, "ಬನ್ನಿ ಅಜ್ಜಿ, ನಾವು ಕೈ ಹಿಡ್ಕೊಂಡು ಹತ್ತಿಸ್ತೀವಿ" ಅಂದ.

"ಹತ್ತತೀನೋ ಮಾರಾಯಾ. ನಾವು ಕುರುಬರು. ಮೊದಲ ನಮ್ಮಕಿ, ಆಮ್ಯಾಲ ಅಂವ."

ಆಮೇಲೆ ಕಥೆ ಶುರುವಾಯಿತು. ಮೈಲಾರಲಿಂಗ ದೊಡ್ಡ ಹೆಂಡತಿ ಮ್ಹಾಳಸಾ ಜೊತೆ ಪಗಡೆಯಾಡಿ ಸೋತ. ಸೋತವನು ಹನ್ನೆರಡು ವರ್ಷ ಮನೆ ಬಿಟ್ಟಿರಬೇಕು ಅನ್ನುವುದು ಪಂದ್ಯ. ವೇಷ ಮರೆಸಿಕೊಂಡು ಬಾಣಾಯಿಯ ಅಪ್ಪನ ಹಟ್ಟಿಯಲ್ಲಿ ಕುರಿ ಕಾಯುವ ಆಳಾಗಿ ಸೇರಿದ. ಒಂದು ದಿನ ಕುರಿಗಳನ್ನೆಲ್ಲ ಕೊಂದುಹಾಕಿದ. ಬಾಣಾಯಿಯನ್ನು ಕೊಟ್ಟರೆ ಬದುಕಿಸುತ್ತೇನೆ ಅಂದ. ಮದುವೆಯಾಗಿ ಕರೆದುಕೊಂಡು ಬಂದರೆ ಮ್ಹಾಳಸಾ ಸುಮ್ಮನಿರುತ್ತಾಳೆಯೇ? ಜಗಳ ಹತ್ತಿತು. ಕೊನೆಗೆ ಬೆಟ್ಟವನ್ನೇ ಪಾಲು ಮಾಡಿದ. ಮೇಲಿನರ್ಧ ಮ್ಹಾಳಸಾಗೆ, ಕೆಳಗಿನರ್ಧ ಬಾಣಾಯಿಗೆ.

"ಅಂದ್ರೆ ಮೋಸ ಮಾಡಿ ಮದುವೆ ಆದ ಅಲ್ವಾ ಅಜ್ಜಿ?" ಅಂದ ಮಂಡ್ಯದವನು.

"ಮಾಡಿದ. ಆದ್ರ ಹನ್ನೆರಡು ವರ್ಷ ಕುರಿ ಕಾಯ್ದಾನ. ಹಿಕ್ಕಿ ಬಳದಾನ. ನಮ್ಮವ್ರು ಹೆಣ್ಣ ಪುಕ್ಕಟ ಕೊಟ್ಟಿಲ್ಲ ತಮ್ಮಾ."

ಅಷ್ಟು ಹೆಮ್ಮೆಯಿಂದ ಹೇಳಿದರು, ಮೊನ್ನೆ ಮೊನ್ನೆ ತಮ್ಮ ಮನೆಯಲ್ಲೇ ನಡೆದ ಮದುವೆಯ ಹಾಗೆ. ನಾನು ಶಿವಮೊಗ್ಗದವನು, ಮೈಲಾರಲಿಂಗ ಅಂದರೆ ಗೊರವಪ್ಪ, ಡಮರುಗ ಅಷ್ಟೇ ಗೊತ್ತಿತ್ತು. ಆಚೆ ಮರಾಠಿ, ಈಚೆ ಕನ್ನಡ, ದೇವರ ಸಂಸಾರ ಮಾತ್ರ ಒಂದೇ. ಅಜ್ಜಿ ಗಂಟು ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಹಣೆಗೆ ಭಂಡಾರ ಬಳಿದರು. ಮೇಲಿಂದ ಸೊಸೆ ಬಂದು "ಅತ್ತಿ, ಪಾಳಿ ಬಂತು" ಅಂದಾಗ ಎದ್ದು ನಮಗಿಂತ ಚುರುಕಾಗಿ ಹತ್ತಿಹೋದರು. ಮೊಣಕಾಲಿಗೆ ಏನೂ ಆಗಿರಲಿಲ್ಲ.

ಮೇಲಿನ ಗುಡಿ ನೋಡಿದೆವು. ಚೆನ್ನಾಗಿದೆ. ಆದರೆ ಮಧ್ಯಾಹ್ನ ಅಲ್ಲಿಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಹೋಗಬೇಡಿ. ದಪ್ಪ ಸಾಕ್ಸ್ ಒಯ್ಯಿರಿ. ಬಿಳಿ ಹೆಲ್ಮೆಟ್ ಬೈಕಿನಲ್ಲೇ ಬಿಟ್ಟುಹೋಗಿ, ಭಂಡಾರಕ್ಕೆ ಹಳದಿಯಾಗುತ್ತದೆ.

ಇನ್ನೊಂದು ಮಾತು, ಇದು ಈಗಲೂ ಹೊಟ್ಟೆ ಉರಿಸುತ್ತದೆ. ಭುಲೇಶ್ವರಕ್ಕೆ ಹೋಗುವ ಒಳರಸ್ತೆಯ ಎರಡೂ ಬದಿ ಬಳ್ಳಾರಿ ಜಾಲಿ. ವಿಜಯಪುರದವನ ಬೈಕಿಗೆ ಮುಳ್ಳು ಚುಚ್ಚಿತು. ಸ್ಪೋಕ್ ಚಕ್ರ, ಒಳಗೆ ಟ್ಯೂಬ್. ಗಾಳಿ ಒಂದೇ ಸಲಕ್ಕೆ ಹೋಗುತ್ತದೆ. ನೂಕಿಕೊಂಡು ಹೋಗಿ ಸಿಕ್ಕ ಅಂಗಡಿಯವನು ಪ್ಯಾಚ್ ಹಾಕಿದ, ಟೈರ್ ಏರಿಸುವಾಗ ಲಿವರ್‌ನಿಂದ ಟ್ಯೂಬನ್ನು ತಾನೇ ಕಚ್ಚಿಸಿದ, ಎರಡನೇ ಪ್ಯಾಚಿಗೂ ದುಡ್ಡು ಕೇಳಿದ. ಟೈರಿನ ಒಳಗೆ ಕೈಯಾಡಿಸಿ ಮುಳ್ಳು ತೆಗೆದಿರಲಿಲ್ಲ. ಮಾಳಶಿರಸ ಬರುವಷ್ಟರಲ್ಲಿ ಮತ್ತೆ ಚಪ್ಪಟೆ! ಟ್ಯೂಬ್ ಟೈರಿನ ಬೈಕ್ ಇದ್ದರೆ ಹೊಸ ಟ್ಯೂಬ್ ಒಂದು ಜೊತೆಗಿರಲಿ. ಮುಳ್ಳು ತೆಗೆದದ್ದನ್ನು ಕಣ್ಣಾರೆ ನೋಡಿ.

ಹೀಗಾಗಿ ಭುಲೇಶ್ವರಕ್ಕೆ ಸಿಕ್ಕಿದ್ದು ಸಂಜೆಯ ಸ್ವಲ್ಪ ಹೊತ್ತು. ಹೊರಗಿಂದ ನೋಡಿದರೆ ಕೋಟೆ, ಗುಮ್ಮಟ. ಇಕ್ಕಟ್ಟು ಮೆಟ್ಟಿಲು ಹತ್ತಿ ಒಳಗೆ ಹೋದರೆ ಯಾದವರ ಕಾಲದ ಕಪ್ಪು ಕಲ್ಲಿನ ಕೆತ್ತನೆ, ಮೇ ತಿಂಗಳಲ್ಲೂ ತಂಪು. ಹೆಣ್ಣು ರೂಪದ ಗಣಪತಿ ಇದೆ, ಹುಡುಕಿ ನೋಡಿ. ಕೋಟೆ ಕಟ್ಟಿಸಿದ್ದು ವಿಜಯಪುರದ ಆದಿಲ್‌ಶಾಹಿಯ ಸರದಾರ ಮುರಾರ ಜಗದೇವ. ಇದು ಗೊತ್ತಾದ ಮೇಲೆ ವಿಜಯಪುರದವನು ಪಂಕ್ಚರ್ ಮರೆತು, "ನಮ್ಮ ಊರವ್ರು ಕಟ್ಟಿಸಿದ್ದು" ಅಂತ ಗುಮ್ಮಟದ ಕೆಳಗೆ ಹತ್ತು ಫೋಟೋ ತೆಗೆಸಿಕೊಂಡ. ಗುಡಿ ಅದಕ್ಕೂ ಹಳೆಯದು ಅಂದರೆ ಕೇಳಲೇ ಇಲ್ಲ.

ಸೋಲಾಪುರ ರಸ್ತೆಯಲ್ಲಿ ವಾಪಸ್ ಬಂದೆವು. ಹಡಪಸರದ ಟ್ರಾಫಿಕ್ ಬಗ್ಗೆ ಬರೆಯುವುದಿಲ್ಲ, ಪುಣೆಯವರಿಗೆ ಗೊತ್ತೇ ಇದೆ.